ಮೊದಲ ಮಾತು ಯಾರದು? ಕಾಲೇಜು ವಿದ್ಯಾರ್ಥಿಗಳ ಸಂಕೋಚ ಮತ್ತು ಮನಸ್ಸಿನ ನೆರವು



ದತ್ತಿ ಉಪನ್ಯಾಸವೆಂದರೆ ನಮ್ಮ ಕಲಬುರಗಿ ಭಾಗದಲ್ಲಿ ಶರಣ ಸಾಹಿತ್ಯ, ಸೂಫಿ ಪರಂಪರೆ, ಹೈದರಾಬಾದ್ ಕರ್ನಾಟಕದ ವಿಮೋಚನೆಯಂಥ ವಿಷಯಗಳ ಮೇಲೆ ನಡೆಯುವುದು ರೂಢಿ. ಇವತ್ತಿನ ವಿಷಯವಾದ ವಿದ್ಯಾರ್ಥಿಗಳ ಸಂಕೋಚ ಅವುಗಳ ಮುಂದೆ ಸಣ್ಣದೆಂದು ಕೆಲವರಿಗೆ ಅನಿಸಬಹುದು. ಆದರೆ ಹಾಜರಿ ಕೂಗಿದಾಗ ‘ಎಸ್ ಸರ್’ ಎನ್ನುವುದೊಂದನ್ನು ಬಿಟ್ಟರೆ ಮೂರು ವರ್ಷ ತರಗತಿಯಲ್ಲಿ ಬಾಯಿ ತೆರೆಯದೆ ಪದವಿ ಮುಗಿಸಿ ಹೋಗುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ನೆಮ್ಮದಿಯಾಗಿಯೇ ಇರುತ್ತಾರೆ. ಮಾತು ಕಡಿಮೆ, ಅಷ್ಟೆ. ಕೆಲವರು ಮಾತ್ರ ಒಳಗೊಳಗೇ ಬೇಯುತ್ತಿರುತ್ತಾರೆ. ಹೊರಗಿನಿಂದ ನೋಡಿದವರಿಗೆ ಈ ಇಬ್ಬರೂ ಒಂದೇ ಥರ ಕಾಣುತ್ತಾರೆ. ಇಡೀ ಸಮಸ್ಯೆ ಇರುವುದೇ ಅಲ್ಲಿ.

ಇವತ್ತಿನ ಮಾತು ನಾಲ್ಕು ಘಟ್ಟಗಳಲ್ಲಿ ಸಾಗುತ್ತದೆ. ಈ ಸೀಮೆಯ ಮಕ್ಕಳ ಸಂಕೋಚಕ್ಕೆ ಇರುವ ಚರಿತ್ರೆ ಮೊದಲನೆಯದು. ಸಂಕೋಚ ಎಲ್ಲಿಯವರೆಗೆ ಸ್ವಭಾವ, ಎಲ್ಲಿಂದ ಮುಂದೆ ಕಾಯಿಲೆ ಎನ್ನುವುದು ಎರಡನೆಯದು. ಆತ್ಮವಿಶ್ವಾಸ ಹೇಗೆ ಬೆಳೆಯುತ್ತದೆ ಎನ್ನುವುದು ಮೂರನೆಯದು. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ನೆರವಿನ ಪ್ರಶ್ನೆ: ಅದು ಎಲ್ಲಿದೆ, ಬೇಕಾದವರಿಗೆ ಅದು ಯಾಕೆ ಮುಟ್ಟುವುದಿಲ್ಲ. ಈ ನಾಲ್ಕನ್ನೂ ಹಿಡಿದಿರುವ ವಾದ ಒಂದೇ. ನಾಚುವ ಹುಡುಗನೇ ಎದ್ದು ಬಂದು ತನ್ನ ಸಂಕಟ ಹೇಳಿಕೊಳ್ಳಲಿ ಎಂದು ಕಾಯುವ ಕಾಲೇಜು ಅವನಿಗೆ ಯಾವ ಬಾಗಿಲನ್ನೂ ತೆರೆದಿಲ್ಲ. ಮೊದಲ ಮಾತು ಸಂಸ್ಥೆಯಿಂದ ಬರಬೇಕು.

ಮೊದಲಿಗೆ ಚರಿತ್ರೆ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಈ ಭಾಗದ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುತ್ತಿದ್ದ ಮಕ್ಕಳು ಸರ್ಕಾರಿ ಶಾಲೆಯ ಹೊಸ್ತಿಲು ದಾಟಿದರೆ ಬೇರೆಯೇ ಮಾತಿನಲ್ಲಿ ಉತ್ತರ ಕೊಡಬೇಕಿತ್ತು. 1907ರಲ್ಲಿ ಕಲಬುರಗಿಯಲ್ಲಿ ಶುರುವಾದ ನೂತನ ವಿದ್ಯಾಲಯದಂಥ ಖಾಸಗಿ ಸಂಸ್ಥೆಗಳಿಗೆ ಜನ ಅಷ್ಟೊಂದು ಬೆಲೆ ಕೊಟ್ಟದ್ದರ ಹಿಂದೆ ಈ ಸಂಗತಿಯೂ ಇದೆ. 1948ರ ಸೆಪ್ಟೆಂಬರ್ 17ರ ನಂತರ, ಮುಂದೆ 1956ರ ಏಕೀಕರಣದ ನಂತರ, ಶಾಲೆಯ ಮಾತು ಕನ್ನಡವಾಯಿತು. ಅಷ್ಟರಲ್ಲಿ ಉನ್ನತ ಶಿಕ್ಷಣದ ಮಾತು ಇಂಗ್ಲಿಷ್ ಆಗಿತ್ತು.

ಇವತ್ತು ಆಳಂದ ತಾಲ್ಲೂಕಿನ ಖಜೂರಿಯಿಂದಲೋ ಮಾದನಹಿಪ್ಪರಗಾದಿಂದಲೋ ಬಸ್ಸು ಹತ್ತಿ ಕಾಲೇಜಿಗೆ ಬರುವ ಹುಡುಗಿಯ ಮನೆಮಾತು ಕಲಬುರಗಿ ಕನ್ನಡ ಇರಬಹುದು, ಮರಾಠಿ ಇರಬಹುದು, ಉರ್ದು ಅಥವಾ ಲಂಬಾಣಿ ಇರಬಹುದು. ಹತ್ತನೇ ತರಗತಿಯವರೆಗೆ ಅವಳು ಓದಿದ್ದು ಪಠ್ಯಪುಸ್ತಕದ ಕನ್ನಡ. ಪಿಯುಸಿಯಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ತೆಗೆದುಕೊಂಡ ದಿನ ಎಲ್ಲವೂ ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತದೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ ‘ನಿಮ್ಮ ಕನ್ನಡ ಒಂಥರಾ ಇದೆ’ ಎನ್ನುವವರು ಸಿಗುತ್ತಾರೆ. ‘ನನಗ ಇಂಗ್ಲಿಷ್ ಬರಂಗಿಲ್ರಿ ಸರ್’ ಎಂದು ತಲೆ ತಗ್ಗಿಸುವ ಹುಡುಗನಿಗೆ ವಿಷಯ ಗೊತ್ತಿಲ್ಲವೆಂದು ಅಧ್ಯಾಪಕರು ತಿಳಿದರೆ ಅದು ತಪ್ಪು ತಿಳಿವಳಿಕೆ. ಎರಡೋ ಮೂರೋ ಭಾಷೆಗಳಲ್ಲಿ ಬದುಕು ನಡೆಸುವ ಬುದ್ಧಿ ಅವನಿಗಿದೆ. ನಾಲ್ಕು ಜನರ ಮುಂದೆ ತಪ್ಪಾಡಿದರೆ ನಗುತ್ತಾರೆಂಬ ಅನುಭವವೂ ಇದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ಆಳಂದ ತಾಲ್ಲೂಕಿನ ಕಡಗಂಚಿಗೆ ಬಂತು. ಸಂವಿಧಾನದ 371(ಜೆ) ವಿಧಿಯಿಂದ ಶಿಕ್ಷಣದಲ್ಲೂ ನೌಕರಿಯಲ್ಲೂ ಈ ಭಾಗದವರಿಗೆ ಮೀಸಲಾತಿ ದೊರೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರ ಬಸ್ ಪ್ರಯಾಣ ಉಚಿತವಾಯಿತು. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ ದಾರಿ ಸುಗಮವಾಯಿತು. ಇವು ಈ ಭಾಗ ಹೋರಾಡಿ ಗಳಿಸಿಕೊಂಡ ಬೆಲೆಬಾಳುವ ಸಂಗತಿಗಳು. ಆದರೆ ಕಾಲೇಜಿನ ಮೊದಲ ದಿನ ಹೇಗಿರುತ್ತದೆ, ಸೆಮಿನಾರ್ ಎಂದರೇನು, ವೈವಾದಲ್ಲಿ ಏನು ಕೇಳುತ್ತಾರೆ ಎಂದು ಮನೆಯಲ್ಲಿ ಹೇಳಿಕೊಡುವವರು ಅಂಥ ವಿದ್ಯಾರ್ಥಿಗೆ ಇರುವುದಿಲ್ಲ. ತೊಗರಿ ಬೆಳೆ ಕೈಕೊಟ್ಟ ವರ್ಷವೂ ಸಾಲ ಮಾಡಿ ಶುಲ್ಕ ಕಟ್ಟಿದ ಅಪ್ಪ ಅವ್ವನ ಮುಖ ಕಣ್ಣ ಮುಂದಿರುತ್ತದೆ. ಫೇಲಾದರೆ ಅದು ಒಬ್ಬನ ಸೋಲಾಗಿ ನಿಲ್ಲುವುದಿಲ್ಲ. ಇಷ್ಟು ಭಾರ ಹೊತ್ತವರು ಮಾತಾಡುವ ಮುಂಚೆ ಹತ್ತು ಸಲ ಯೋಚಿಸುವುದು ಸಹಜ.

ಆದ್ದರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ‘ಪರ್ಸನಾಲಿಟಿ ಡೆವಲಪ್‌ಮೆಂಟ್’ ಬೇಕು ಎನ್ನುವ ಮಾತನ್ನು ಎಚ್ಚರದಿಂದ ಕೇಳಬೇಕು. ಕೊರತೆ ಇರುವುದು ಮಗುವಿನ ವ್ಯಕ್ತಿತ್ವದಲ್ಲೇ ಎಂಬ ತೀರ್ಮಾನ ಆ ಮಾತಿನೊಳಗೆ ಕುಳಿತಿದೆ. ಮೂರು ತಲೆಮಾರು ಮೂರು ಬಗೆಯ ಭಾಷೆಯ ಮುಂದೆ ನಿಂತು ತಡವರಿಸಿದ ನಾಡಿನಲ್ಲಿ ಆ ತೀರ್ಮಾನ ನ್ಯಾಯವಾದುದಲ್ಲ.

ಈಗ ಎರಡನೆಯ ಘಟ್ಟಕ್ಕೆ ಬರೋಣ. ಎಲ್ಲ ಸಂಕೋಚವನ್ನೂ ಚರಿತ್ರೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ಸಂಕೋಚದ ಬಗ್ಗೆ ದೊಡ್ಡ ಸಮೀಕ್ಷೆ ನಡೆಸಿದರು. ಅದರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ ತಾವು ನಾಚಿಕೆ ಸ್ವಭಾವದವರು ಎಂದು ಹೇಳಿಕೊಂಡರು. ಬದುಕಿನ ಯಾವುದಾದರೂ ಘಟ್ಟದಲ್ಲಿ ಹಾಗಿದ್ದೆವು ಎಂದವರು ಶೇಕಡಾ 80ಕ್ಕಿಂತ ಹೆಚ್ಚು. ಅಂದರೆ ತರಗತಿಯಲ್ಲಿ ಕೈ ಎತ್ತಲು ಹೆದರುವ ವಿದ್ಯಾರ್ಥಿಯ ಅಕ್ಕಪಕ್ಕ ಕೂತವರೂ ಹೆದರಿಯೇ ಕೂತಿರುವ ಸಾಧ್ಯತೆ ಹೆಚ್ಚು. ಪ್ರತಿಯೊಬ್ಬರೂ ತಾನೊಬ್ಬನೇ ಹೀಗೆ ಎಂದುಕೊಂಡಿರುತ್ತಾರೆ.

ಇದಕ್ಕೆ ಹೊಂದುವ ಮತ್ತೊಂದು ಪ್ರಯೋಗ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವದು. ಒಬ್ಬ ವಿದ್ಯಾರ್ಥಿಗೆ ಹಾಕಿಕೊಳ್ಳಲು ಮುಜುಗರವಾಗುವಂಥ, ಗಾಯಕನೊಬ್ಬನ ಚಿತ್ರವಿರುವ ಟೀಶರ್ಟ್ ತೊಡಿಸಿ, ಇತರ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತನ್ನ ಅಂಗಿಯ ಚಿತ್ರ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದರು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ. ‘ಮಂದಿ ಏನಂತಾರ’ ಎನ್ನುವ ಭಯ ನಮ್ಮ ಊರುಗಳಲ್ಲಿ ಎಷ್ಟೊಂದು ನಿರ್ಧಾರಗಳನ್ನು ಮಾಡಿಸುತ್ತದೆ! ಮಂದಿ ನೋಡುತ್ತಿರುವುದು ನಾವು ತಿಳಿದದ್ದಕ್ಕಿಂತ ಎಷ್ಟೋ ಕಡಿಮೆ ಎಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಹಾಗಾದರೆ ಗೆರೆ ಎಲ್ಲಿದೆ? ಹೊಸಬರ ಮುಂದೆ ಮುಖ ಕೆಂಪಾಗಿ, ಪರಿಚಯವಾದ ಮೇಲೆ ಸರಿಹೋದರೆ ಅದು ಸ್ವಭಾವ. ಮನೋವೈದ್ಯರು ‘ಸಾಮಾಜಿಕ ಆತಂಕ’ ಎಂದು ಗುರುತಿಸುವ ಕಾಯಿಲೆ ಬೇರೆ. ಅಲ್ಲಿ ಹೆದರಿಕೆ ತಿಂಗಳುಗಟ್ಟಲೆ, ಸಾಮಾನ್ಯವಾಗಿ ಆರು ತಿಂಗಳಿಗೂ ಮೇಲ್ಪಟ್ಟು ಉಳಿಯುತ್ತದೆ. ಸೆಮಿನಾರ್ ಇರುವ ದಿನ ಎದೆ ಬಡಿತ, ಬೆವರು, ಕೈ ನಡುಕ, ಹೊಟ್ಟೆ ತೊಳಸುವಿಕೆ ಬರುತ್ತವೆ. ಮುಂದೆ ಆ ದಿನ ಕಾಲೇಜಿಗೇ ಹೋಗುವುದಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೆದುರು ತಿನ್ನುವುದು, ಕಚೇರಿಯ ಕೌಂಟರಿನಲ್ಲಿ ನಿಂತು ಸ್ಕಾಲರ್‌ಶಿಪ್ ಅರ್ಜಿಯ ಬಗ್ಗೆ ಕೇಳುವುದು ಕೂಡ ಬೆಟ್ಟ ಹತ್ತಿದಂತಾಗುತ್ತದೆ. ಇಂಟರ್ನಲ್ ಅಂಕ ಹೋಗುತ್ತವೆ, ಹಾಜರಾತಿ ಕಡಿಮೆಯಾಗುತ್ತದೆ, ಕೊನೆಗೆ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಈ ತೊಂದರೆ ಬಹುತೇಕ ಹದಿಹರೆಯದಲ್ಲೇ ಶುರುವಾಗುತ್ತದೆ. ಹಾಗಾಗಿ ಕಾಲೇಜಿಗೆ ಬರುವ ಹೊತ್ತಿಗೆ ಅದಕ್ಕೆ ಕೆಲವು ವರ್ಷಗಳ ವಯಸ್ಸಾಗಿರುತ್ತದೆ, ಮನೆಯವರೂ ‘ಅವನು ಮೊದಲಿಂದಲೂ ಹಂಗೇ’ ಎಂದು ಒಗ್ಗಿಕೊಂಡಿರುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ. ಹೆದರಿಸುವ ಆಲೋಚನೆಗಳನ್ನು ಪರೀಕ್ಷಿಸಿ ನೋಡುವುದನ್ನು, ಹೆದರಿದ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವುದನ್ನು ಕಲಿಸುವ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಅಗತ್ಯವಿದ್ದವರಿಗೆ ಔಷಧಿಯೂ ಇದೆ.

ಮಾತಾಡದಿರುವುದರ ಹಿಂದೆ ಖಿನ್ನತೆ ಅಡಗಿರುವುದೂ ಉಂಟು. ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಾಗುತ್ತಿದ್ದ ಕ್ರಿಕೆಟ್ಟೋ ಹಾಡೋ ಈಗ ಬೇಡವಾಗಿದೆ, ಗೆಳೆಯರನ್ನು ಬಿಟ್ಟು ದೂರ ಕೂರುತ್ತಾನೆ: ಎರಡು ವಾರಕ್ಕೂ ಹೆಚ್ಚು ಹೀಗೆ ನಡೆದರೆ ಅದನ್ನು ನಾಚಿಕೆಯೆಂದು ಬಿಟ್ಟುಬಿಡಬಾರದು. 2015-16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ವಯಸ್ಕರಲ್ಲಿ ಅದು ಶೇಕಡಾ 10.6. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತ, ಶೇಕಡಾ 70ರಿಂದ 92ರವರೆಗೆ ಇತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಅಂಥ ಸಾವುಗಳಿಗೆ ಒಂದೇ ಕಾರಣವೆಂಬುದು ಇರುವುದಿಲ್ಲ. ಅವುಗಳಲ್ಲಿ ಎಷ್ಟನ್ನೋ ತಡೆಯಲು ಸಾಧ್ಯವಿತ್ತು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇಲ್ಲಿಂದ ಮೂರನೆಯ ಮಾತು, ಆತ್ಮವಿಶ್ವಾಸದ್ದು.

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮುಂಡಾರೆ ಎಂಬ ಸಣ್ಣ ಊರಿನಲ್ಲಿ 1925ರಲ್ಲಿ ಹುಟ್ಟಿದ ಆಲ್ಬರ್ಟ್ ಬಂಡೂರಾ ಓದಿದ ಶಾಲೆಯಲ್ಲಿ ಶಿಕ್ಷಕರೂ ಪುಸ್ತಕಗಳೂ ಸಾಲದಾಗಿದ್ದವು. ವಿದ್ಯಾರ್ಥಿಗಳು ತಮ್ಮ ಕಲಿಕೆಯನ್ನು ತಾವೇ ಕೈಗೆತ್ತಿಕೊಳ್ಳಬೇಕಿತ್ತು. ಮುಂದೆ ಅವರು ಜಗತ್ತಿನ ಪ್ರಮುಖ ಮನೋವಿಜ್ಞಾನಿಗಳಲ್ಲಿ ಒಬ್ಬರಾದರು. ‘ನನ್ನಿಂದ ಇದು ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು 1977ರಲ್ಲಿ ಅವರು ವಿವರಿಸಿದ ಸಿದ್ಧಾಂತ ಇವತ್ತಿಗೂ ನಿಂತಿದೆ. ಸ್ವತಃ ಮಾಡಿ ಗೆದ್ದ ಅನುಭವ ಅದರ ಮೊದಲ ಮೂಲ, ಎಲ್ಲಕ್ಕಿಂತ ಗಟ್ಟಿಯಾದದ್ದು. ತನ್ನಂಥವನೇ ಒಬ್ಬ ಮಾಡಿದ್ದನ್ನು ಕಣ್ಣಾರೆ ಕಾಣುವುದು ಅದರ ನಂತರದ್ದು. ನಂಬಿಕೆಯುಳ್ಳವರ ಪ್ರೋತ್ಸಾಹದ ಮಾತು, ತನ್ನ ದೇಹದ ಗಾಬರಿಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಎನ್ನುವುದು ಉಳಿದೆರಡು. ಹಾವಿನ ಭಯದಿಂದ ನರಳುತ್ತಿದ್ದವರನ್ನು ಬಂಡೂರಾ ಉಪದೇಶದಿಂದ ಬದಲಿಸಲಿಲ್ಲ. ಮೊದಲು ದೂರ ನಿಂತು ನೋಡುವುದು, ಆಮೇಲೆ ಹತ್ತಿರ, ಕೊನೆಗೆ ಮುಟ್ಟುವುದು, ಹೀಗೆ ಜೊತೆಗಿದ್ದು ನಡೆಸಿದರು. ಹಾವಿನ ಭಯ ಹೋದವರಿಗೆ ಬದುಕಿನ ಬೇರೆ ಕೆಲಸಗಳಲ್ಲೂ ಧೈರ್ಯ ಬಂದದ್ದನ್ನು ಅವರು ದಾಖಲಿಸಿದ್ದಾರೆ.

ನಮ್ಮ ಕಾಲೇಜುಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಪ್ರೋತ್ಸಾಹದ ಭಾಷಣಕಾರರನ್ನು ಕರೆಸಿ ಎರಡು ಗಂಟೆ ‘ನೀವು ಸಾಧಿಸಬಲ್ಲಿರಿ’ ಎಂದು ಹೇಳಿಸುತ್ತೇವೆ. ಮಾಡಿ ಗೆಲ್ಲುವ ಸಣ್ಣ ಅವಕಾಶಗಳನ್ನು ಕೊಡಲು ಮರೆಯುತ್ತೇವೆ. ವರ್ಷಕ್ಕೊಮ್ಮೆ ಇಡೀ ತರಗತಿಯ ಮುಂದೆ ಹತ್ತು ನಿಮಿಷ ಸೆಮಿನಾರ್ ಎನ್ನುವುದು ಸಂಕೋಚದ ವಿದ್ಯಾರ್ಥಿಗೆ ಮೊದಲ ದಿನವೇ ಹಾವು ಕೈಗೆ ಕೊಟ್ಟ ಹಾಗೆ. ಅದರ ಬದಲು ಮೊದಲ ತಿಂಗಳು ಪಕ್ಕದವನಿಗೆ ಎರಡು ನಿಮಿಷ ವಿವರಿಸಲಿ. ಎರಡನೆಯ ತಿಂಗಳು ನಾಲ್ವರ ಗುಂಪಿನಲ್ಲಿ ಮಾತಾಡಲಿ. ಆಮೇಲೆ ಕೂತಲ್ಲಿಂದಲೇ, ತನ್ನ ಕನ್ನಡದಲ್ಲೇ, ಒಂದು ಪ್ರಶ್ನೆಗೆ ಉತ್ತರಿಸಲಿ. ವೇದಿಕೆ ಕೊನೆಗೆ ಬರಲಿ. ಇದಕ್ಕೆ ಅನುದಾನ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ. ಕಳೆದ ವರ್ಷ ಇದೇ ಊರಿನಿಂದ ಬಂದು, ಇದೇ ಬೆಂಚಿನಲ್ಲಿ ಕೂತು, ಇವತ್ತು ಧೈರ್ಯವಾಗಿ ಮಾತಾಡುವ ಹಿರಿಯ ವಿದ್ಯಾರ್ಥಿನಿಯನ್ನು ಮೊದಲ ವರ್ಷದವರ ಮುಂದೆ ನಿಲ್ಲಿಸಿದರೆ ಅವಳ ಹದಿನೈದು ನಿಮಿಷ ಹೊರಗಿನ ಭಾಷಣಕಾರರ ಎರಡು ಗಂಟೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗಾಂಧೀಜಿಯ ಬದುಕು ಇಲ್ಲಿ ನೆನಪಾಗುತ್ತದೆ. ಬ್ಯಾರಿಸ್ಟರ್ ಆಗಿ ಮರಳಿದ ಯುವಕ ಮೋಹನದಾಸ್ ಮುಂಬೈಯ ಸಣ್ಣ ಮೊಕದ್ದಮೆಗಳ ಕೋರ್ಟಿನಲ್ಲಿ 30 ರೂಪಾಯಿ ಶುಲ್ಕದ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಹಣ ವಾಪಸ್ ಕೊಟ್ಟು ಹೊರಬಂದರು. 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ ಆಡಿದ ಮಾತನ್ನು ಅವರು ತಮ್ಮ ಮೊದಲ ಸಾರ್ವಜನಿಕ ಭಾಷಣವೆನ್ನಬಹುದು ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಅದೇ ವ್ಯಕ್ತಿ. ನಡುವಿನ ಮೂವತ್ತು ವರ್ಷಗಳಲ್ಲಿ ಅವರು ಭಾಷಣ ಕಲೆಯ ಕೋರ್ಸಿಗೆ ಸೇರಲಿಲ್ಲ. ಹೇಳಲೇಬೇಕಾದ ವಿಷಯವೂ ಕೇಳಬೇಕಾದ ಜನರೂ ಅವರಿಗೆ ಸಿಕ್ಕಿದರು.

ಇನ್ನು ನಾಲ್ಕನೆಯದು, ನೆರವು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಮನಸ್ಸು ಕೆಟ್ಟವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂದು ಕೇಳಿದರೆ ಈ ಸೀಮೆಯ ಜನಕ್ಕೆ ಉತ್ತರ ಗೊತ್ತಿದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಸನ್ನಿಧಿಗೆ ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎನ್ನುವವರನ್ನು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಕರೆತರುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ತಮ್ಮ ಸಂಕಟ ಹೊತ್ತು ಬರುತ್ತಾರೆ. ಇದನ್ನು ಮೂಢನಂಬಿಕೆಯೆಂದು ಬೈದು ಮುಗಿಸುವುದು ಸುಲಭ. ಅದರಿಂದ ಒಬ್ಬ ರೋಗಿಯೂ ಆಸ್ಪತ್ರೆಗೆ ಬರುವುದಿಲ್ಲ.

ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಳ್ಳುತ್ತಿದ್ದ ತೀವ್ರ ಮಾನಸಿಕ ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿದ್ದವು. ಬೈಯದ, ಬೆದರಿಸದ, ಭರವಸೆ ಕೊಡುವ ವಾತಾವರಣವೇ ಅದಕ್ಕೆ ಕಾರಣವೆಂದು ಅವರು ಕಂಡರು. ಇನ್ನೊಂದು ಮುಖವೂ ಇದೆ. 2001ರ ಆಗಸ್ಟ್ 6ರಂದು ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. ರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಇವೆರಡರ ನಡುವಿನ ದಾರಿಯೂ ಒಂದಿದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ ಜನ ಹರಕೆ ಹೊರುವುದನ್ನು ಯಾರೂ ನಿಲ್ಲಿಸಲಿಲ್ಲ. ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುವಂತಾಯಿತು. ಮುಜಾವರರೇ ಭಕ್ತರನ್ನು ಅವರ ಬಳಿ ಕಳಿಸತೊಡಗಿದರು. ‘ದವಾ–ದುವಾ’ (ಔಷಧಿ–ಪ್ರಾರ್ಥನೆ) ಎಂದು ಹೆಸರಾದ ಆ ವ್ಯವಸ್ಥೆ ಗಾಣಗಾಪುರಕ್ಕೂ ಆಳಂದಕ್ಕೂ ಒಪ್ಪುವಂಥದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವಿದೆ, ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಈ ಕೆಲಸಕ್ಕೆ ಬೇಕಾದ ವಿದ್ಯೆ ಜಿಲ್ಲೆಯೊಳಗೇ ಇದೆ.

ನೆರವು ಜನರ ಬಳಿಗೇ ಹೋಗಬೇಕು ಎಂಬ ಮಾತನ್ನು ದೇಶಕ್ಕೆ ಮಾಡಿ ತೋರಿಸಿದ್ದೂ ಈ ಕಲ್ಯಾಣ ಕರ್ನಾಟಕ ಭಾಗವೇ. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ, ಸಾಮಾನ್ಯ ಔಷಧಿ ಕೊಡುವ ತರಬೇತಿ ನೀಡಿತು. ಬೆಂಗಳೂರಿಗೆ ರೋಗಿಯನ್ನು ಕರೆತರುವ ಬದಲು ಹಳ್ಳಿಯ ಪಕ್ಕದಲ್ಲೇ ಚಿಕಿತ್ಸೆ ಸಿಗುವಂತಾಯಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮ ಕರ್ನಾಟಕದ್ದು. 15ರಿಂದ 35 ವಯಸ್ಸಿನವರಿಗಾಗಿ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ ‘ಯುವ ಸ್ಪಂದನ’ವೂ ಇದೆ.

2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಹಗಲೂ ರಾತ್ರಿ ನಡೆಯುತ್ತಿದೆ. ಸಂಖ್ಯೆ 14416. ಹಣ ಕೊಡಬೇಕಿಲ್ಲ. ಕನ್ನಡ, ಮರಾಠಿ, ತೆಲುಗು, ಹಿಂದಿ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಮುಖ ತೋರಿಸಲು ನಾಚುವವರಿಗೆ ದನಿ ಮಾತ್ರ ಸಾಕಾಗುವ ಈ ಸೇವೆ ಹೇಳಿ ಮಾಡಿಸಿದಂತಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದ್ದನ್ನು ಇಲ್ಲಿ ನೆನೆಯಬಹುದು. ಮನಸ್ಸಿನ ಶಾಸ್ತ್ರ ಕಲಿಸುತ್ತಿದ್ದವರಿಗೆ ಮನೆಮನೆಗೆ ದನಿ ಮುಟ್ಟಿಸುವ ಯಂತ್ರದ ಬೆಲೆ ಅಷ್ಟು ಮುಂಚೆಯೇ ಹೊಳೆದಿತ್ತು.

ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ಆಡುವುದೂ ಹೊಸದಲ್ಲ. ‘ಕೊರವಂಜಿ’ಯ ಸಂಪಾದಕ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದ ಪುಸ್ತಕಗಳು ಹಳ್ಳಿ ಗ್ರಂಥಾಲಯಗಳನ್ನೂ ತಲುಪಿವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಹಿರಂಗವಾಗಿ ಮಾತಾಡಿದರು. ಮಾನಸಿಕ ಆರೋಗ್ಯಕ್ಕಾಗಿ ಅವರು ಕಟ್ಟಿದ ಸಂಸ್ಥೆ ಗ್ರಾಮೀಣ ಕೆಲಸವನ್ನು ಆರಂಭಿಸಿದ್ದು ದಾವಣಗೆರೆ ಜಿಲ್ಲೆಯಲ್ಲಿ.

ಇಷ್ಟೆಲ್ಲ ಇದ್ದೂ ವಿದ್ಯಾರ್ಥಿ ಯಾಕೆ ಹೋಗುವುದಿಲ್ಲ? ಕಾರಣಗಳು ಬಹಳ ಸಾಮಾನ್ಯವಾದವು. ಆಪ್ತಸಮಾಲೋಚಕರು ಸಿಗುವುದು ಸಂಜೆ ತರಗತಿ ಮುಗಿದ ಮೇಲೆ ಎಂದಾದರೆ, ಹಳ್ಳಿಯ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಆ ಬಸ್ಸು ತಪ್ಪಿಸಿಕೊಂಡ ಹುಡುಗಿ ಮನೆಯಲ್ಲಿ ನೂರು ಪ್ರಶ್ನೆಗೆ ಉತ್ತರಿಸಬೇಕು. ಸಮಾಲೋಚನೆಯ ಕೋಣೆ ಪ್ರಾಚಾರ್ಯರ ಕೋಣೆಯ ಎದುರಿಗಿದ್ದರೆ ಒಳಗೆ ಹೋಗುವುದು ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಎರಡೇ ಕೋಣೆ, ಫೋನು ಅಣ್ಣನದು. 14416ಕ್ಕೆ ಕರೆ ಮಾಡುವುದು ಎಲ್ಲಿಂದ? ಎಲ್ಲಕ್ಕಿಂತ ದೊಡ್ಡ ಭಯ ‘ಹುಚ್ಚ’ ಎಂಬ ಹೆಸರಿನದು. ಹುಡುಗಿಯಾಗಿದ್ದರೆ ನಾಳೆ ಸಂಬಂಧ ನೋಡಲು ಬಂದವರಿಗೆ ಸುದ್ದಿ ಮುಟ್ಟುವ ಭಯವೂ ಅದಕ್ಕೆ ಸೇರುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು 2017ರ ಕಾಯ್ದೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು. ಈ ಹಕ್ಕನ್ನು ಯಾರೂ ವಿದ್ಯಾರ್ಥಿಗಳಿಗೆ ಹೇಳಿಲ್ಲ.

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ನೀಡುತ್ತ 15 ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವ್ಯವಸ್ಥೆ ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು. ಟೆಲಿ-ಮಾನಸ್ ಸಂಖ್ಯೆ ಹಾಸ್ಟೆಲು, ತರಗತಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು. ಅಂಕ ಕಡಿಮೆ ಬಂದವರನ್ನು ಎಲ್ಲರೆದುರು ಅವಮಾನಿಸಬಾರದು. ಕೊನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಸಮಾಲೋಚಕರು ಬರುವವರೆಗೆ ಅಧ್ಯಾಪಕರು ಏನು ಮಾಡಬಹುದು? ‘ಯಾಕವ್ವ, ಎರಡು ವಾರದಿಂದ ಕಾಣಲಿಲ್ಲ, ಆರಾಮ ಇದ್ದೀ ಏನು?’ ಎಂದು ವರಾಂಡದಲ್ಲಿ ಒಬ್ಬಳೇ ಸಿಕ್ಕಾಗ ಕೇಳಬಹುದು. ಉತ್ತರ ಬರದಿದ್ದರೆ ಮುಂದಿನ ವಾರ ಮತ್ತೆ ಕೇಳಬಹುದು. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಹಾಗಾಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಕೇಳಿದ ಮೇಲೆ ಉಪದೇಶ ಮಾಡದೆ ಕೂತು ಆಲಿಸಬೇಕು, ಒಬ್ಬರನ್ನೇ ಬಿಡದೆ ಆಸ್ಪತ್ರೆಯವರೆಗೆ ಜೊತೆಗೆ ಹೋಗಬೇಕು.

ಇಲ್ಲಿ ಸೇರಿರುವ ಪ್ರಾಚಾರ್ಯರಲ್ಲಿ, ಅಧ್ಯಾಪಕರಲ್ಲಿ ಮನವಿ ಇಷ್ಟು. ಮುಂದಿನ ಇಂಟರ್ನಲ್ ಪರೀಕ್ಷೆಗೆ ಮೊದಲು ಪ್ರತಿ ತರಗತಿಯ ಗೋಡೆಯ ಮೇಲೆ 14416 ಎಂದು ಕನ್ನಡ, ಉರ್ದು, ಮರಾಠಿಗಳಲ್ಲಿ ಬರೆಸಿ. ಗ್ರಂಥಾಲಯದ ಒಂದು ಮೂಲೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಕೋಣೆಯನ್ನೂ ಅಲ್ಲೊಂದು ಫೋನನ್ನೂ ಇಡಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಕೇಳಿ ತಿಳಿದು ಸೂಚನಾ ಫಲಕದಲ್ಲಿ ಹಾಕಿ. ಸಮಾಲೋಚನೆಯ ಸಮಯವನ್ನು ಬಸ್ಸಿನ ವೇಳಾಪಟ್ಟಿ ನೋಡಿ ನಿಗದಿ ಮಾಡಿ, ಮಧ್ಯಾಹ್ನದೊಳಗೆ ಇರಲಿ. ಪಾಲಕರೆ, ಮಗ ಅಥವಾ ಮಗಳು ಡಾಕ್ಟರ ಬಳಿ ಹೋಗಬೇಕೆಂದು ಬಾಯಿಬಿಟ್ಟು ಹೇಳಿದ ದಿನ ‘ಏನಾಗ್ಯದ ನಿನಗ’ ಎಂದು ತಳ್ಳಿಹಾಕಬೇಡಿ, ಜೊತೆಗೆ ಹೋಗಿ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಪಕ್ಕದ ಬೆಂಚಿನವರು ಕೆಲವು ದಿನಗಳಿಂದ ಬಂದಿಲ್ಲವಾದರೆ ಇವತ್ತು ಸಂಜೆ ಅವರಿಗೆ ಒಂದು ಫೋನ್ ಮಾಡಿ.